ಗುಂಡಿಗೊಂದು ಅಳತೆಯ ವಿಮೆ

ನಮ್ಮ ದರ್ಜಿ ಮಾವ ಮನುಷ್ಯರ ಮುಖ ನೋಡುತ್ತಿದ್ದುದೇ ಕಡಿಮೆ. ಎದುರು ಬಂದವರ ಭುಜದ ಮೇಲೆ ಅವರ ದೃಷ್ಟಿ ಮೊದಲು ಕೂರುತ್ತಿತ್ತು, ಅಲ್ಲಿಂದ ನಡುವಿಗೆ, ನಡುವಿನಿಂದ ನಡಿಗೆಗೆ ಇಳಿಯುತ್ತಿತ್ತು, ಅಷ್ಟರಲ್ಲಿ ಬಂದವರ ಊನಗಳೆಲ್ಲ ಅವರಿಗೆ ಕಂಠಪಾಠ. ಆದರೆ ಅದನ್ನು ಬಾಯಿಬಿಟ್ಟು ಆಡಿದವರಲ್ಲ. ನನ್ನ ಬಲಭುಜ ಎಡಕ್ಕಿಂತ ಒಂದು ಬೆರಳು ತಗ್ಗೆಂಬ ಸಂಗತಿ ನನಗೆ ತಿಳಿದದ್ದು ಮೂವತ್ತೈದನೆಯ ವಯಸ್ಸಿನಲ್ಲಿ, ಅವರು ಹೊಲಿದ ಕೋಟಿನ ಅಸ್ತರು ಹರಿದು, ಬಲಗಡೆ ಮಾತ್ರ ಇಟ್ಟಿದ್ದ ಹತ್ತಿಯ ಮೆತ್ತೆ ಹೊರಗೆ ಇಣುಕಿದಾಗ! ಹೋಗಿ ಕೇಳಿದರೆ, "ನೀನು ಕೇಳಿದ್ದು ಕೋಟು, ಸರ್ಟಿಫಿಕೇಟ್ ಅಲ್ಲವಲ್ಲ" ಅಂದರು.

ಎಪ್ಪತ್ತಕ್ಕೆ ಅಂಗಡಿ ಮುಚ್ಚಿದರೂ ಅಳತೆ ಟೇಪು ಕೊರಳಿನಿಂದ ಇಳಿಯಲಿಲ್ಲ. "ತಡಿ, ಅಳೆಯೋಣ" ಎಂಬುದು ಎಲ್ಲ ಪ್ರಶ್ನೆಗೂ ಅವರ ಮೊದಲ ಉತ್ತರ. ಬಿಡುವಾದ ದಿನಗಳನ್ನು ತುಂಬಿದ್ದು ಗುಂಡಿ ಎಂಬ ಕಪ್ಪುಕಣ್ಣಿನ ಹೆಣ್ಣುನಾಯಿ. ಅದಕ್ಕೆ ದೊಡ್ಡ ಕಾಯಿಲೆ ಬಂದರೆ ನಮ್ಮ ಕೈಲಾಗದು ಎಂದು ಮಾವನ ಮಗಳು ಸಾಕುಪ್ರಾಣಿ ವಿಮೆಯ ಮೂರು ಯೋಜನೆಗಳ ಹಾಳೆ ತಂದಳು: ಮೊದಲನೆಯದು ಅಪಘಾತಕ್ಕೆ ಮಾತ್ರ, ಎರಡನೆಯದರಲ್ಲಿ ಕಾಯಿಲೆ, ಶಸ್ತ್ರಚಿಕಿತ್ಸೆಯೂ ಸೇರಿತ್ತು, ಮೂರನೆಯದರಲ್ಲಿ ಹಲ್ಲುಜ್ಜಿಸುವುದರಿಂದ ಹಿಡಿದು ಪರದೇಶದ ಚಿಕಿತ್ಸೆಯವರೆಗೆ ಸಕಲವೂ ಇತ್ತು. ಮಾವ ಒಂದು ವಾರ ಹಿಡಿದರು. ಐದು ವರ್ಷದ ಔಷಧದ ಚೀಟಿಗಳನ್ನೆಲ್ಲ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು, ಗುಂಡಿಗೆ ಈವರೆಗೆ ಏನೇನಾಗಿದೆ, ಆ ಜಾತಿಯ ನಾಯಿಗೆ ಮುಪ್ಪಿನಲ್ಲಿ ಏನೇನಾಗುತ್ತದೆ ಎಂದು ವೈದ್ಯರನ್ನು ಕೇಳಿ ಗುರುತು ಹಾಕಿಕೊಂಡರು.

"ಮೊದಲನೇದು ಬಿಗಿ, ಕೂತ್ರೆ ಹರಿಯುತ್ತೆ. ಮೂರನೇದು ಜೋಲು. ಬೀದಿ ತಿರುವು ದಾಟದ ನಾಯಿಗೆ ಪರದೇಶದ ಡಾಕ್ಟ್ರು ಯಾಕಮ್ಮಾ? ಎರಡನೇದು ಇರಲಿ, ಆದ್ರೆ ವರ್ಷದ ಮಿತಿ ಒಂದು ಮೆಟ್ಟಿಲು ಮೇಲಿಂದು ತಗೋ. ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರಬೇಕು."

ಅಲ್ಲಿಗೆ ಸರಿಹೋಯಿತು. ಅರ್ಜಿ ತುಂಬಿಸಲು ವಿಮೆಯ ಹೆಂಗಸು ಮನೆಗೇ ಬಂದಳು. "ಮುಂಚಿನಿಂದ ಇರೋ ತೊಂದರೆ ಏನಾದ್ರೂ ಇದೆಯಾ, ಸರ್?" ಎಂದಳು. "ಏನೂ ಇಲ್ಲಮ್ಮ" ಎಂದು ಮಾವ ಸಹಿ ಹಾಕಿಬಿಟ್ಟರು. ಗುಂಡಿಯ ಹಿಂದಿನ ಎಡಗಾಲು ನಡೆಯುವಾಗ ಕೂದಲೆಳೆಯಷ್ಟು ತಡವಾಗಿ ಏಳುತ್ತಿತ್ತು. ಮಗಳಿಗೆ ಅದು ಕಂಡಿರಲಿಲ್ಲ, ವೈದ್ಯರಿಗೂ ಕಂಡಿರಲಿಲ್ಲ. ಮಾವನಿಗೆ ಚಳಿಗಾಲದಿಂದಲೇ ಗೊತ್ತಿತ್ತು. ವಂಚಿಸುವ ಉದ್ದೇಶ ಖಂಡಿತ ಇರಲಿಲ್ಲ. ನಲವತ್ತು ವರ್ಷ ಗಿರಾಕಿಗಳ ಎದುರು ಆಡಿ ಆಡಿ ನಾಲಗೆಗೆ ಹತ್ತಿದ ಮಾತು, ತಾನಾಗಿ ಉದುರಿತು, ಅಷ್ಟೆ. ಆದರೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗುಂಡಿಯನ್ನು ಕರೆದುಕೊಂಡು ವಿಮೆ ಕಚೇರಿಗೇ ಹೋದರು.

"ಈ ಕಾಲಲ್ಲಿ ತೊಂದರೆ ಇದೆ, ಬರ್ಕೊಳ್ಳಿ."

ಆಕೆ ಗುಂಡಿಯನ್ನು ಎರಡು ಸಲ ನಡೆಸಿ ನೋಡಿದಳು. "ನಂಗೇನೂ ಕಾಣ್ತಿಲ್ಲವಲ್ಲ ಸರ್. ಬರೆದ್ರೆ ಆ ಕಾಲಿಗೆ ಬಿಡಿಗಾಸೂ ಸಿಗಲ್ಲ, ಯೋಚನೆ ಮಾಡಿ."

"ನಂಗೆ ಕಂಡಿದೆ, ಬರೀರಿ."

ಮನೆಯಲ್ಲಿ ಮಗಳು ರೇಗಿದಳು. "ಯಾರಿಗೂ ಕಾಣದ್ದನ್ನ ನೀವೇ ಹೋಗಿ ಒಪ್ಪಿಸಿ ಬಂದ್ರಾ? ಅಷ್ಟೆಲ್ಲ ಅಳೆದೂ ಸುರಿದೂ ಕೊನೆಗೆ ಇದಾ ಅಪ್ಪ?"

"ಗಿರಾಕಿ ಊನ ಗಿರಾಕಿದು, ಮುಚ್ಚಿಡಬಹುದು. ಇಲ್ಲಿ ಸಹಿ ನಂದು ಕಣಮ್ಮ."

ಎಂಟು ತಿಂಗಳಿಗೆ ಸರಿಯಾಗಿ ಆ ಕಾಲೇ ಕೈಕೊಟ್ಟಿತು, ಬೇರೆ ಯಾವುದೂ ಅಲ್ಲ. ಶಸ್ತ್ರಚಿಕಿತ್ಸೆಗೆ ವಿಮೆ ಒದಗಲಿಲ್ಲ. ಆ ಖರ್ಚು ತೀರಿಸಲು ಮಾವ ಹೊಲಿಗೆಯಂತ್ರದ ಮೇಲಿನ ಹೊದಿಕೆ ತೆಗೆದು, ಅಕ್ಕಪಕ್ಕದವರ ಪ್ಯಾಂಟುಗಳ ಅಂಚು ಮಡಚುತ್ತ, ಮಂಜಾಗುತ್ತಿದ್ದ ಕಣ್ಣಿಗೆ ಕಾಣಲೆಂದು ಸೂಜಿಯನ್ನು ದೀಪದ ಹತ್ತಿರ ಹಿಡಿದು ಹಿಡಿದು, ಒಂದಿಡೀ ವರ್ಷ ದುಡಿದರು. ಮಾತು ಬಿಟ್ಟಿದ್ದ ಮಗಳು ನಾಲ್ಕನೆಯ ವಾರಕ್ಕೆ ತಾನೇ ಬಂದು, ಎದುರು ಕೂತು, ದಾರ ಪೋಣಿಸಿಕೊಟ್ಟಳು. ಗುಂಡಿ ಈಗ ಬೀದಿಯ ತಿರುವಿನವರೆಗೆ ಹೋಗಿ ಬರುತ್ತದೆ.

ಇಂಥವರನ್ನು ಪ್ರಾಮಾಣಿಕರೆಂದು ಹೊಗಳಿದರೆ ಅವರಿಗೆ ಕಸಿವಿಸಿಯಾಗುತ್ತದೆ, ನನಗೂ ಆ ಪದ ಯಾಕೋ ಅವರಿಗೆ ಒಪ್ಪುವುದಿಲ್ಲ ಎನಿಸುತ್ತದೆ. ಪರರ ಕೊರತೆಯನ್ನು ಕಂಡೂ ಕಾಣದಂತಿರುವ ಔದಾರ್ಯ ಅವರಲ್ಲಿ ಧಾರಾಳವಾಗಿರುತ್ತದೆ. ಅದರಲ್ಲಿ ಒಂದು ಚೂರನ್ನೂ ತಮಗಾಗಿ ಕತ್ತರಿಸಿಕೊಳ್ಳಲು ಅವರಿಗೆ ಕೈ ಬರುವುದಿಲ್ಲ. ಮನೆಯವರು ಗೊಣಗುತ್ತಾರೆ, ಕೋಪಿಸಿಕೊಳ್ಳುತ್ತಾರೆ, ಆಮೇಲೆ ಬಂದು ಪಕ್ಕದಲ್ಲಿ ಕೂರುತ್ತಾರೆ.