ನಾಲ್ಕು ಮನೆ ಸುತ್ತಿದ ಕೆಂಪು ಜಮಖಾನೆ

ರತೀಬಾಳ ಮನೆಯಲ್ಲಿ ಕೂರುವುದಕ್ಕೆ ಒಂದು ಚಾಪೆ, ಮಲಗುವುದಕ್ಕೂ ಅದೇ ಚಾಪೆ. ಗಂಡ ತೀರಿಹೋಗಿ ಮೂರು ವರ್ಷವಾಗಿತ್ತು. ನೈಲ್ ನದಿಯ ಕಾಲುವೆ ದಂಡೆಯ ಆ ಊರಿನಲ್ಲಿ ಕಂಡವರ ಹೊಲದ ಈರುಳ್ಳಿ ಕಿತ್ತು ಹೇಗೋ ಮಗಳನ್ನು ಓದಿಸುತ್ತಿದ್ದಳು. ಈ ವರ್ಷ ಮಗಳು ನವ್ವಾರಾ ಪಕ್ಕದ ಊರಿನ ದೊಡ್ಡ ಶಾಲೆಗೆ ಹೋಗಬೇಕು, ದಿನಾ ವ್ಯಾನಿಗೆ ದುಡ್ಡು ಬೇಕು.

"ಸರ್ಕಾರದ ಸಹಾಯಧನ ಸಿಕ್ರೆ ಓದ್ತೀಯ ಮಗಳೇ. ಸಿಗ್ಲಿಲ್ಲ ಅಂದ್ರೆ ನನ್ ಜೊತೆ ಈರುಳ್ಳಿ ಕೀಳೋಕೆ ಬರ್ತೀಯ" ಎಂದು ಹೇಳಿಬಿಟ್ಟಿದ್ದಳು. ಹೇಳಿದ ರಾತ್ರಿ ತಾನೇ ಅತ್ತಿದ್ದಳು.

ಅರ್ಜಿ ಹಾಕಿದ್ದಾಯಿತು. ಮನೆ ನೋಡಲು ಸಾಹೇಬರು ಬರುತ್ತಾರೆಂದು ಸುದ್ದಿಯೂ ಬಂತು. ಅಯ್ಯೋ, ಎಡವಟ್ಟಾದದ್ದೇ ಅಲ್ಲಿ!

ಆ ಸೀಮೆಯಲ್ಲಿ ಮನೆಗೆ ಬಂದವರನ್ನು ಬರಿ ಚಾಪೆಯ ಮೇಲೆ ಕೂರಿಸುವುದುಂಟೆ? ಮಾನ ಹೋದೀತು. ಓಣಿಗೆ ಓಣಿಯೇ ಓಡಿಬಂತು. ಎದುರು ಮನೆಯ ತಫೀದಾ ಅಜ್ಜಿ ತನ್ನ ಮದುವೆಯ ಕೆಂಪು ಜಮಖಾನೆಯನ್ನು ತಲೆ ಮೇಲೆ ಹೊತ್ತು ತಂದಳು. ಒಬ್ಬಳು ಫ್ಯಾನು ತಂದಳು, ಇನ್ನೊಬ್ಬಳು ಹೊನ್ನಂಚಿನ ಚಹಾ ಲೋಟ, ಮತ್ತೊಬ್ಬಳು ಇಡೀ ಬಾತುಕೋಳಿಯನ್ನೇ ಹುರಿದು ತಂದಿಟ್ಟಳು. ಸಾಹೇಬರು ಒಂದು ಲೋಟ ಚಹಾ ಕುಡಿದರು, ಸುತ್ತಲೂ ನೋಡಿದರು, ಬರೆದುಕೊಂಡು ಹೋದರು.

ಒಂದು ತಿಂಗಳಿಗೆ ಪತ್ರ ಬಂತು. ನವ್ವಾರಾ ಮೊದಲ ಸಾಲು ಓದುತ್ತಲೇ ಗೊತ್ತಾಯಿತು, ಸಹಾಯಧನ ಇಲ್ಲವಂತೆ. ಉಳಿದದ್ದನ್ನು ಕೇಳದೆಯೇ ರತೀಬಾ ಅದನ್ನು ಮಡಚಿ ರೊಟ್ಟಿ ಡಬ್ಬಿಯ ಅಡಿಯಲ್ಲಿ ತುರುಕಿದಳು. ಓದು ಬಾರದವಳಿಗೆ ಇನ್ನೇನು ಮಾಡಬೇಕೆಂದು ಹೊಳೆಯಲಿಲ್ಲ.

ಓಣಿಯ ಆರೋಗ್ಯ ಕಾರ್ಯಕರ್ತೆ ಇನ್ಶಿರಾಹ್ ತರಬೇತಿಗೆಂದು ಪಟ್ಟಣಕ್ಕೆ ಹೋಗಿದ್ದವಳು ಪತ್ರ ಬಂದು ಮೂರು ವಾರ ಕಳೆದ ಮೇಲೆ ಊರಿಗೆ ಮರಳಿದಳು. ಪತ್ರ ಬಿಡಿಸಿ ಓದಿದವಳೇ ಹಣೆ ಚಚ್ಚಿಕೊಂಡಳು.

"ಏನೇ ರತೀಬಾ, ನೀನು ಸಾಹುಕಾರ್ತಿ ಅಂತೆ! ಮನೇಲಿ ಫ್ಯಾನು, ಜಮಖಾನೆ, ಹೊನ್ನಂಚಿನ ಲೋಟ! ಎಲ್ಲಿ ಫ್ಯಾನು? ಹಾಕು, ನಾನೂ ಒಂಚೂರು ಗಾಳಿ ತಗೋತೀನಿ."

"ಮತ್ತಿನ್ನೇನು ಮಾಡ್ಲಿ ಅಕ್ಕಾ? ಬಂದೋರ್ನ ಹರಕು ಚಾಪೆ ಮೇಲೆ ಕೂರಿಸ್ಲಾ? ಸತ್ತಿರೋ ನನ್ ಗಂಡನ ಹೆಸರು ಏನಾಗ್ಬೇಕು?"

"ಅವರೇನು ಊಟಕ್ಕೆ ಬಂದೋರೇನೇ? ಡಾಕ್ಟರ ಮುಂದೆ ಕೂತ್ಕೊಂಡು 'ನಂಗೆ ನೋವೇ ಇಲ್ಲ' ಅಂದ್ರೆ ಔಷಧಿ ಕೊಡ್ತಾರಾ?"

ರತೀಬಾ ತಲೆ ತಗ್ಗಿಸಿದಳು. "ಹೋಗ್ಲಿ ಬಿಡಕ್ಕಾ. ಹಣೇಲಿ ಬರೆದಿಲ್ಲ."

"ಹಣೇಲಿ ಬರೆದಿದ್ದು ಅಲ್ಲಾನಿಗೆ ಗೊತ್ತು. ಪತ್ರದ ಕೆಳಗೆ ಬರೆದಿದ್ದು ನಂಗೊತ್ತು, ಕೇಳು. ಒಪ್ಪಿಗೆ ಇಲ್ದಿದ್ರೆ ಮೂವತ್ತು ದಿನದೊಳಗೆ ಮರುಪರಿಶೀಲನೆ ಕೇಳಬಹುದು. ಇವತ್ತಿಗೆ ಇಪ್ಪತ್ತಾರು!"

"ಸಂತೇಲಿ ಒಬ್ಬ ಇನ್ನೂರು ಪೌಂಡ್ ಕೊಟ್ರೆ ಮಾಡಿಸಿಕೊಡ್ತೀನಿ ಅಂದಿದ್ದ…"

"ಅವನ ಮನೆ ಹಾಳಾಗ! ಒಂದು ಕಾಸೂ ಬೇಡ. ಗುರುತಿನ ಚೀಟಿ ತಗೋ, ಗಂಡನ ಮರಣಪತ್ರ ತಗೋ. ನಾಳೆ ಬೆಳಿಗ್ಗೆ ನಾನೇ ಬರ್ತೀನಿ."

ಹೋದರು. ಕಚೇರಿಯಲ್ಲಿ ರತೀಬಾ ಹೆಬ್ಬೆಟ್ಟು ಒತ್ತಿದಳು. ಅರ್ಜಿ ಕೊಟ್ಟದ್ದಕ್ಕೆ ರಸೀದಿಯನ್ನು ಇನ್ಶಿರಾಹ್ ಕೇಳಿ ಪಡೆದಳು. ಇಷ್ಟಾದರೂ ರತೀಬಾಗೆ ನಂಬಿಕೆ ಅರ್ಧಂಬರ್ಧ. ಸರ್ಕಾರ ಒಮ್ಮೆ ಇಲ್ಲ ಅಂದಮೇಲೆ ಮತ್ತೆ ಹೂಂ ಅನ್ನುತ್ತದೆಯೇ?

ಎರಡು ವಾರದ ಮೇಲೆ ಬೇರೊಬ್ಬ ಮೇಡಂ ಮನೆ ನೋಡಲು ಬರುವ ಸುದ್ದಿ ಬಂತು. ಓಣಿಯ ಕಿವಿ ಕೇಳಬೇಕೆ? ಬೆಳಗಾಗುತ್ತಲೇ ತಫೀದಾ ಅಜ್ಜಿ ಜಮಖಾನೆ ಹೊತ್ತು ಹಾಜರ್. ರತೀಬಾ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಅಜ್ಜೀ, ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತು ಒಂದು ಚಮಚಾನೂ ತರಬೇಡಿ!"

"ಹುಚ್ಚು ಹಿಡೀತೇನೇ ನಿಂಗೆ? ಓಣಿ ಮರ್ಯಾದೆ ತೆಗೀಬೇಕು ಅಂತಿದ್ದೀಯಾ? ಸರಿ ಆ ಕಡೆ!"

ಇವರ ಜಗ್ಗಾಟ ನಡೆದಿರುವಾಗಲೇ ಮೇಡಂ ಬಂದು ನಿಂತಿದ್ದರು. ಅಜ್ಜಿಯ ತಲೆ ಮೇಲಿನ ಸುರುಳಿ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ.

"ಓಹೋ, ಆ ಕೆಂಪು ಜಮಖಾನೆ ಇದೇನಾ? ಈ ಓಣಿಯ ನಾಲ್ಕು ಮನೆ ವರದಿಲೂ ಇದೆ. ಇದನ್ನ ನೋಡೇ ನಾಲ್ಕು ಮನೆಯವರ ಅರ್ಜಿನೂ ತಿರಸ್ಕಾರ ಆಯ್ತು."

ತಫೀದಾ ಅಜ್ಜಿ ಜಮಖಾನೆಯ ಸುರುಳಿಯ ಮೇಲೇ ಧೊಪ್ಪನೆ ಕೂತಳು. "ಉಪಕಾರ ಮಾಡ್ದೆ ಅಂದ್ಕೊಂಡಿದ್ನಲ್ಲೇ! ನಾಲ್ಕು ಮನೆ ಅನ್ನಕ್ಕೆ ಕಲ್ಲು ಹಾಕಿದ್ನಾ?"

ರತೀಬಾ ಬಾಗಿಲು ಬಿಟ್ಟು ಸರಿದಳು. ಹರಕು ಚಾಪೆ, ಮುಚ್ಚಳವಿಲ್ಲದ ಪಾತ್ರೆ, ಮೊಳೆಗೆ ನೇತುಹಾಕಿದ ಮಗಳ ಒಂದೇ ಸಮವಸ್ತ್ರ. ನಾಚಿಕೆಗೆ ಅವಳ ಕಿವಿಯೆಲ್ಲ ಬಿಸಿಯಾಗಿತ್ತು.

"ಇದೇ ನನ್ ಮನೆ ಮೇಡಂ. ಇಷ್ಟೇ. ಅವತ್ತು ಇದ್ದಿದ್ದೆಲ್ಲ ಎರವಲು."

ಹಾಗೆಂದ ಮಾತ್ರಕ್ಕೆ ಆಕಾಶವೇನೂ ಕಳಚಿ ಬೀಳಲಿಲ್ಲ. ಮೇಡಂ ಚಪ್ಪಲಿ ಕಳಚಿ ಅದೇ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಬಾಯಿ ಮುಕ್ಕಾದ ಲೋಟದಲ್ಲಿ ಚಹಾ ಕುಡಿದರು. ಹಿಟ್ಟನ್ನು ಬಿಸಿಲಲ್ಲಿ ಉಬ್ಬಿಸಿ ಸುಟ್ಟ ರೊಟ್ಟಿಯನ್ನು ಜೋನಿಬೆಲ್ಲದಲ್ಲಿ ಅದ್ದಿ ತಿಂದು, "ಇನ್ನೊಂದು ಚೂರು ಇದ್ಯಾ?" ಎಂದು ಕೇಳಿದರು! ರತೀಬಾಗೆ ನಗುವೂ ಬಂತು, ಅಳುವೂ ಬಂತು.

ಸಹಾಯಧನ ಮಂಜೂರಾಯಿತು. ನವ್ವಾರಾ ವ್ಯಾನು ಹತ್ತಿ ಶಾಲೆಗೆ ಹೊರಟಳು. ಉಳಿದ ಮೂರು ಮನೆಯವರನ್ನು ಕಚೇರಿಗೆ ಎಳೆದುಕೊಂಡು ಹೋದವಳು ಯಾರು ಗೊತ್ತೆ? ತಫೀದಾ ಅಜ್ಜಿ! "ನನ್ ಜಮಖಾನೆ ಮಾಡಿದ ತಪ್ಪು, ನಾನೇ ಸರಿ ಮಾಡ್ತೀನಿ" ಎಂದು ಗುಮಾಸ್ತರ ಮುಂದೆ ಜೋರು ಮಾಡಿದಳಂತೆ.

ವರ್ಷದ ಕೊನೆಗೆ ನವ್ವಾರಾ ಪಾಸಾದಳು. ಅಂದು ರತೀಬಾಳೇ ಎದುರು ಮನೆಗೆ ಓಡಿದಳು. "ಅಜ್ಜೀ, ಜಮಖಾನೆ ಕೊಡಿ. ಇವತ್ತು ಬರೋರು ನಿಜವಾದ ನೆಂಟ್ರು!"

ಅಕ್ಕಂದಿರೇ, ಅಣ್ಣಂದಿರೇ, ನೆಂಟರು ಬಂದರೆ ಧಾರಾಳವಾಗಿ ಜಮಖಾನೆ ಹಾಸಿ. ಆದರೆ ಮನೆ ಪರಿಶೀಲನೆಗೆ ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿ. ಬಡತನ ಮುಚ್ಚಿಟ್ಟರೆ ಮಾನ ಉಳಿಯುವುದಿಲ್ಲ, ಮಕ್ಕಳ ಓದು ಕೆಡುತ್ತದೆ. ದಲ್ಲಾಳಿಗೆ ಬಿಡಿಗಾಸೂ ಕೊಡಬೇಡಿ. ನಿಮ್ಮ ರೊಟ್ಟಿ ಡಬ್ಬಿಯ ಅಡಿಯಲ್ಲೂ ಅಂಥದ್ದೊಂದು ಪತ್ರ ಇದೆಯೇ? ಈಗಲೇ ಎದ್ದು ಹೊರಗೆ ತೆಗೆಯಿರಿ, ಓದು ಬಲ್ಲವರಿಂದ ಕೊನೆಯ ಸಾಲಿನವರೆಗೂ ಓದಿಸಿ. ನಿಮಗಿನ್ನೂ ನಾಲ್ಕು ದಿನ ಉಳಿದಿರಬಹುದು.