ಕಾರಿನಿಂದಿಳಿಯದ ಜವರಯ್ಯ

ಮಡಿಕೇರಿಯ ಪೊಲೀಸ್ ಶೆಡ್ಡಿನಿಂದ ಪರೇಡಿಗೆ ಮಾತ್ರ ಹೊರಬರುವ ಹಳೇ ಕಾರೊಂದಿದೆ. ಯಾವುದೋ ಕಾಲದಲ್ಲಿ ತೋಟದ ದೊರೆಯೊಬ್ಬ ಬಿಟ್ಟುಹೋದದ್ದು, ಮೇಲೆ ಚಾವಣಿ ಇಲ್ಲ. ಪೊಲೀಸರು ಹಿಂದಿನ ಸೀಟು ಕಿತ್ತು, ಸಾಹೇಬರು ನಿಂತು ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಕೂರಿಸಿ, ಮುಂದೆ ಬಾವುಟದ ಕೋಲು ಸಿಕ್ಕಿಸಿ ಅದನ್ನು ತಮ್ಮದು ಮಾಡಿಕೊಂಡರು. ಪರೇಡಿನ ಸಾಲುಗಳ ಮುಂದೆ ಕಾರು ನಡಿಗೆಯ ವೇಗದಲ್ಲಿ ಸಾಗಬೇಕು. ಕುಲುಕಿದರೆ ನಿಂತವರು ಬೀಳುತ್ತಾರೆ.

ಅದನ್ನು ಬಹಳ ವರ್ಷ ಓಡಿಸಿದವನು ಕುಶಾಲನಗರದ ಜವರಯ್ಯ. ಒಳ್ಳೆಯ ಮನುಷ್ಯ, ಆದರೆ ಜಂಬ ಅಂತ ಎಲ್ಲರ ದೂರು. ಪರೇಡ್ ಮುಗಿದು ಎಲ್ಲರೂ ಫೋಟೋಗೆ ನಿಂತರೂ ಅವನು ಇಳಿಯುತ್ತಿರಲಿಲ್ಲ. ಸ್ಟೀರಿಂಗ್ ಹಿಡಿದು ಮದುಮಗನ ಹಾಗೆ ಕೂತೇ ಇರುತ್ತಿದ್ದ.

ಅವನು ನಿವೃತ್ತನಾದ ಮೇಲೆ ಕಾನ್‌ಸ್ಟೇಬಲ್ ಸೌಮ್ಯ ತಾನೇ ಕೇಳಿ ಆ ಕಾರು ಹಿಡಿದಳು. ಲಾರಿ ಡ್ರೈವರನ ಮಗಳು, ಪೊಲೀಸ್ ವ್ಯಾನು ಓಡಿಸಿ ಪಳಗಿದವಳು. ಪೊಲೀಸ್ ಧ್ವಜ ದಿನದ ತಾಲೀಮಿಗೆ ಇನ್‌ಸ್ಪೆಕ್ಟರ್ ಪೂವಯ್ಯ ಹಿಂದೆ ಒಂದು ಕಾಫಿ ಮೂಟೆ ನಿಲ್ಲಿಸಿ, ಅದಕ್ಕೊಂದು ಟೋಪಿ ಹಾಕಿದರು.

"ಇವ್ರೇ ಎಸ್‌ಪಿ ಮೇಡಂ ಅಂತ ತಿಳ್ಕೊ. ಬಿಡು ಗಾಡಿ."

ಕಾರು ಜಿಗಿಯಿತು. ಮೂಟೆ ಹುಲ್ಲಿನ ಮೇಲೆ, ಟೋಪಿ ಇನ್ನೂ ಆಚೆ.

"ಮೇಡಮ್ಮನ್ನ ಎಸೆದೇ ಬಿಟ್ಟೆಯಲ್ಲ ಮಾರಾಯ್ತಿ!"

ಎಷ್ಟು ಸಲ ಬಿಟ್ಟರೂ ಅದೇ ಕಥೆ. ಕೊನೆಗೆ ಪೂವಯ್ಯ ನಗುವುದು ನಿಲ್ಲಿಸಿದರು. "ನಾಳೆನೂ ಮೂಟೆ ಬಿದ್ರೆ ಪರೇಡಿಗೆ ಜೀಪು. ಕಾರು ಶೆಡ್ಡಿಗೆ, ನೀನು ವಾಪಸ್ ವ್ಯಾನಿಗೆ."

ಸಂಜೆ ಅವಳು ನೇರ ಕುಶಾಲನಗರದ ಬಸ್ಸು ಹತ್ತಿದಳು. ಜವರಯ್ಯ ಅಂಗಳದಲ್ಲಿ ಬಿತ್ತನೆ ಶುಂಠಿ ಮುರಿಯುತ್ತಿದ್ದ. ಕೇಳಿದ್ದಕ್ಕೆ "ಅದು ಅಂಗೇ ಕಣವ್ವ, ರೂಢಿ ಆಯ್ತದೆ" ಎಂದು ಜಾರಿಕೊಂಡ.

ಹೆಂಡತಿ ಸಿದ್ದಮ್ಮ ಕಾಫಿ ತಂದಿಟ್ಟಳು. "ಯೋಳ್ಬುಡು ಅತ್ಲಾಗೆ! ರಿಟೈರ್ ಆದೋನ್ನ ಯಾರು ಸಸ್ಪೆಂಡ್ ಮಾಡ್ತಾರೆ?"

ಜವರಯ್ಯ ಬೇಲಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. "ಬೂಟು ಬಿಚ್ಚಿ ಸೀಟಿನ ಕೆಳಿಕ್ಕೆ ತಳ್ಳು. ಆ ಕ್ಲಚ್ಚು ಎಲ್ಲಿ ಹಿಡೀತದೆ ಅನ್ನೋದು ಬರೀ ಅಂಗಾಲಿಗೇ ಗೊತ್ತಾಗೋದು. ಬಾಗಿಲು ಎತ್ತರ, ಯಾರಿಗೂ ಕಾಣಾಕಿಲ್ಲ. ಕೂತಲ್ಲೇ ಬಗ್ಗಿ ಲೇಸು ಕಟ್ಟಾಕೋದ್ರೆ ಎಲ್ರಿಗೂ ತಿಳೀತದೆ, ಫೋಟೋಗೆ ಮಾತ್ರ ಇಳೀಬ್ಯಾಡ."

"ಅಯ್ಯೋ ಜವರಣ್ಣ! ಅದಕ್ಕಾ ನೀವು ಇಳೀತಿರ್ಲಿಲ್ಲ?"

"ಯೂನಿಫಾರಂನಾಗೆ ಬರಿಗಾಲು ಅಂದ್ರೆ ಬುಡ್ತಾರಾ? ಜಂಬದೋನು ಅಂದ್ರೆ ಅನ್ಲಿ ಅಂತ ಕೂತಿದ್ದೆ."

ಮರುದಿನ ಮೂಟೆ ಅಲುಗಲಿಲ್ಲ. ಧ್ವಜ ದಿನದಂದು ಎಸ್‌ಪಿ ಮೇಡಂ ಕಂಬಿಯಿಂದ ಕೈ ತೆಗೆದು ಸೆಲ್ಯೂಟ್ ಹೊಡೆದರು. ಕಾರು ಹೊಳೆಯ ಮೇಲಿನ ತೆಪ್ಪದಂತೆ ಸಾಗಿತು.

ಆಮೇಲೆ ಫೋಟೋ. "ಬಾಮ್ಮಾ, ನೀನೂ ನಿಂತ್ಕೋ" ಎಂದರು ಮೇಡಂ.

"ಪರವಾಗಿಲ್ಲ ಮೇಡಂ, ಇಲ್ಲೇ ಇರ್ತೀನಿ."

"ನೋಡಿ, ಇವಳಿಗೂ ಜವರಯ್ಯನ ಜಂಬ ಅಂಟ್ತು!" ಎಂದರು ಪೂವಯ್ಯ. ಎಲ್ಲರೂ ನಕ್ಕರು. ಸೌಮ್ಯಳ ಮುಖ ಸಣ್ಣದಾಯಿತು.

ನಿವೃತ್ತರ ಸಾಲಿನಲ್ಲಿ ಕೂತಿದ್ದ ಜವರಯ್ಯ ಎದ್ದ. ಚಪ್ಪಲಿ ಕುರ್ಚಿಯ ಹತ್ತಿರವೇ ಬಿಟ್ಟು ಬಂದು ಕಾರಿನ ಮುಂದೆ ನಿಂತ. "ಇಳಿಯವ್ವ. ನಾನೂ ನಿಂತೀವ್ನಿ."

ಸೌಮ್ಯ ಬಾಗಿಲು ತೆಗೆದು ಇಳಿದು ಅವನ ಪಕ್ಕ ಬಂದಳು. ಪೂವಯ್ಯ ಆ ಎರಡು ಜೊತೆ ಬರಿಗಾಲು ನೋಡಿದರು, ಕಾರಿನೊಳಗೆ ಬಗ್ಗಿ ಸೀಟಿನ ಕೆಳಗಿನ ಬೂಟು ನೋಡಿದರು. "ಇಷ್ಟು ವರ್ಷ ಇದಕ್ಕಾ ಮಾರಾಯ!"

ಮೇಡಂ ತಾವು ಕೈ ಬಿಟ್ಟು ನಿಂತಿದ್ದ ಕಂಬಿಯ ಕಡೆಗೊಮ್ಮೆ ತಿರುಗಿ, ಫೋಟೋದವನಿಗೆ ಹೇಳಿದರು: "ಸ್ವಲ್ಪ ಹಿಂದೆ ಹೋಗಪ್ಪ. ಕಾಲೂ ಬರಲಿ."