ಛತ್ರದಲ್ಲಿ ಮೊಳೆ ಹೊಡೆಯಬಾರದು

ಮೊಣಕಾಲಿಗೆ ಬೆಚ್ಚಗೆ ಏನೋ ಉಜ್ಜಿಕೊಂಡು ಹೋಯಿತು, ಮತ್ತೊಂದು, ಮತ್ತೂ ಒಂದು, ಉಣ್ಣೆ, ಕುರಿಗಳಿರಬೇಕು, ಬಂಡೂರು ಜಾತಿಯ ಗಿಡ್ಡ ಕಾಲಿನವು, ಸಂತೆಗೆ ಹೊರಟಿವೆ — ಮಂಜಿನಲ್ಲಿ ತಲೆ ಕಾಣುವುದಿಲ್ಲ, ಬರೀ ಬೆನ್ನುಗಳು ತೇಲಿಕೊಂಡು ಬರುತ್ತಿವೆ, ಅಂಕಯ್ಯ ಕಣ್ಣು ಪೂರ್ತಿ ಬಿಡದೆ ನಡುವೆ ಜಾಗ ಮಾಡಿಕೊಂಡು ನಡೆದ, ಕಂಕುಳಲ್ಲಿ ಚಾಪೆಯ ಸುರುಳಿ, ಅದರೊಳಗೆ ದುಪ್ಪಟಿ, ದಾರಿ ಕಾಲಿಗೆ ಗೊತ್ತು, ಮದ್ದೂರಿನ ದಾರಿ, ಕಾಲೇ ಎಬ್ಬಿಸಿ ಕರೆದುಕೊಂಡು ಬಂದಿದೆ, ನಿದ್ದೆ ಇನ್ನೂ ಮುಖಕ್ಕೆ ಅಂಟಿಕೊಂಡೇ ಇದೆ. ಮಳವಳ್ಳಿ ಛತ್ರ ಮುಗಿದರೆ ಮದ್ದೂರಿನದು, ಮದ್ದೂರು ಮುಗಿದರೆ ಮಂಡ್ಯ, ಅಲ್ಲಿಂದ ತಿರುಗಿ ಮಳವಳ್ಳಿ, ಗಾಣದ ಎತ್ತಿಗಾದರೂ ಸಂಜೆ ಕೊಟ್ಟಿಗೆ ಉಂಟು, ಇವನಿಗೆ ಸುತ್ತುವುದೊಂದೇ, ದಾರಿಹೋಕನಿಗೆ ಮೂರು ರಾತ್ರಿ ಎಂದು ಯಾರು ಮಾಡಿದರೋ, ನಾಲ್ಕನೆಯ ಬೆಳಗ್ಗೆ ಜಗಲಿ ಖಾಲಿಯಾಗಬೇಕು, ಶಿವಯ್ಯ ಕೋಲಿನ ತುದಿಯಿಂದ ಚಾಪೆಯ ಅಂಚು ಮುಟ್ಟುತ್ತಿದ್ದ, ಏಳ್ಲಾ ಮೂರಾಯ್ತು — ಮಳವಳ್ಳಿ ಛತ್ರ ನೋಡಿಕೊಳ್ಳುವ ಶಿವಯ್ಯ ಕೆಟ್ಟವನಲ್ಲ, ಉಳಿದ ಸಾರು ಇವನ ಪಾಲಿಗೇ ಎತ್ತಿಡುತ್ತಿದ್ದ, ಗೋಡೆಗೆ ಮೊಳೆ ಹೊಡೆಯಲು ಮಾತ್ರ ಬಿಡುತ್ತಿರಲಿಲ್ಲ, ಒಂದ್ ಮೊಳೆ ಒಡ್ಕಂಡ್ರೆ ಸಂಸಾರನೇ ಊಡ್ಬುಡ್ತೀರ ಕಣ್ಲಾ ನೀವು, ಎನ್ನುತ್ತಿದ್ದ. ಹಾಗಾಗಿ ಅಂಗಿಯನ್ನು ಮಡಿಸಿ ತಲೆಯಡಿ ಇಟ್ಟುಕೊಂಡೇ ಮಲಗುವುದು, ಬೆಳಗ್ಗೆ ಕೈ ಮೊದಲು ಹುಡುಕುವುದೂ ಅದನ್ನೇ.

ಮೊಳೆ ಎಂದರೆ ನಿಡಘಟ್ಟದ ದೊಡ್ಡಪ್ಪನ ಮನೆಯದು, ನಡುಮನೆಯ ಗೋಡೆಯಲ್ಲಿ, ಅವ್ವ ಚಳಿಜ್ವರದಲ್ಲಿ ಹೋದ ಮೇಲೆ ಅಲ್ಲಿಗೆ ಬಂದವನು ಅದಕ್ಕೇ ಅಂಗಿ ಸಿಕ್ಕಿಸುತ್ತಿದ್ದ, ಅದರ ಕೆಳಗೇ ಮಲಗುತ್ತಿದ್ದ, ದೊಡ್ಡಪ್ಪನ ಮಗನ ಮದುವೆಯಾಯಿತು, ಯಾರೂ ಹೋಗು ಎನ್ನಲಿಲ್ಲ, ಅದೇ ನೋಡಿ ವಿಚಿತ್ರ, ಯಾರೂ ಒಂದು ಮಾತೂ ಆಡಲಿಲ್ಲ, ಗದ್ದೆಯಿಂದ ಬಂದು ನೋಡಿದರೆ ಮೊಳೆಯಲ್ಲಿ ಹೊಸ ಸೊಸೆಯ ಕನ್ನಡಿ, ಕನ್ನಡಿಯಲ್ಲಿ ಇವನ ಬೆವರು ಮುಖ, ಅಂಗಿ ಹೊಸ್ತಿಲ ಪಕ್ಕ, ಮಡಿಸಿ ಇಟ್ಟಿತ್ತು, ಚೆನ್ನಾಗಿಯೇ ಮಡಿಸಿತ್ತು. ದೊಡ್ಡವ್ವ ಊಟಕ್ಕೆ ಕೂಗಿದಳು, ಇವನು ಉಂಡ, ಕೈ ತೊಳೆದ, ಅಂಗಿ ತೊಟ್ಟುಕೊಂಡು ಹೊರಟ, ಎಲ್ಗ್ಲಾ ಎಂದು ದೊಡ್ಡಪ್ಪ ಕೇಳಲಿ ಎಂದು ಬೇವಿನ ಮರದವರೆಗೆ ನಿಧಾನವಾಗಿ ನಡೆದ, ಕೇಳಲಿಲ್ಲ. ಆಮೇಲೆ ಛತ್ರಗಳು, ಕಬ್ಬು ಕಡಿಯುವ ಕೂಲಿ, ಮೂಟೆ ಹೊರುವ ಕೂಲಿ, ಹತ್ತೊಂಬತ್ತು ತುಂಬಿದ್ದೂ ಯಾವುದೋ ಜಗಲಿಯ ಮೇಲೆಯೇ.

ಚಳಿ, ಎಲ್ಲಿಂದಲೋ ಇದ್ದಿಲ ಹೊಗೆ, ವಹಾಬ್ ಸಾಬರ ಬಸ್ಸಿನ ವಾಸನೆ — ಯುದ್ಧ ಬಂದು ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನಿಂದ ಓಡುತ್ತಿವೆ, ಸಾಬರ ಬಸ್ಸೂ ಇದೇ ಮೂರೂರು ಸುತ್ತುವುದು, ಆ ಒಲೆಯ ಬಿಸಿಗೆ ಬೆನ್ನು ಕಾಸುತ್ತ ನಿಂತವನನ್ನು ಅವರೇ ಕೇಳಿದ್ದರು, ಮೂರೂರಲ್ಲೂ ನೀನೇ ಸಿಗ್ತೀಯಲ್ಲಾ, ಮೂರು ಮನೆ ಮಡಗಿದ್ದೀಯಾ, ಇವನು ನಗಲು ಹೋಗಿ ನಗಲಾರದೆ ನಿಂತ, ಸಾಬರಿಗೆ ತಿಳಿಯಿತು. ಬೆಳಗ್ಗೆ ಒಲೆ ಹೊತ್ತಿಸುವ ಕೆಲಸ ಕೊಟ್ಟರು, ಸರಿ, ಆದರೆ ಮಲಗುವುದೆಲ್ಲಿ, ಕರೆದುಕೊಂಡು ಹೋಗಿ ಜಾನ್ ಬೀ ಮುಂದೆ ನಿಲ್ಲಿಸಿದರು, ಸಾಬರ ಸೋದರತ್ತೆ, ಮಳವಳ್ಳಿಯಲ್ಲಿ ಹಿತ್ತಲ ಕಡೆ ಒಂದು ಕೋಣೆ ಇಟ್ಟುಕೊಂಡ ಹೆಂಗಸು. ಒಂಟಿ ಐಕ್ಳುಗೆ ಕೊಡಾಕಿಲ್ಲ ಕಣಪ್ಪ, ಇಂದೆ ಇದ್ದವ್ನು ಒಂದ್ ದಿನ ಬಾಗ್ಲು ತೆಗ್ದಾಕಿ ಏಳ್ದೆ ಕೇಳ್ದೆ ಓದ, ನಾಯಿ ನುಗ್ಗಿ ಅನ್ನದ ಗಡಿಗೆ ಉಳ್ಳುಸ್ತು, ಇನ್ನೊಂದ್ ಕಿತ ಅಂಗಾದ್ರೆ ಆ ಕೋಣೆಗೆ ಸೌದೆ ತುಂಬ್ತೀನಿ, ಅಂದಿದ್ದಳು, ಸಾಬರು, ಇವ್ನು ಅಂಗಲ್ಲ, ನನ್ ಮಾತಿರ್ಲಿ ಅಂದಿದ್ದರು. ಅವಳೇ ಮೊಳೆ ತಂದುಕೊಟ್ಟಳು, ಹೊಡೆಯಲು ಗುಂಡುಕಲ್ಲು ಕೊಟ್ಟಳು, ಇವನು ಶಿವಯ್ಯ ಎಲ್ಲಿ ಕೇಳಿಸಿಕೊಂಡಾನೋ ಎಂಬಂತೆ ಮೆಲ್ಲಗೆ ತಟ್ಟಿದ, ಮಣ್ಣು ಉದುರಿತು, ಜೋರಾಗ್ ಒಡಿಯಪ್ಪ, ಗೋಡೆ ನಂದು, ನಾನೇ ಏಳ್ತಾ ಇವ್ನಿ. ಹೊಡೆದ. ಹೊಡೆದರೂ ಅಂಗಿ ತಲೆಯಡಿಯೇ ಮಲಗಿತು, ಮರುದಿನವೂ, ಜಾನ್ ಬೀ ಬಾಗಿಲಲ್ಲಿ ಇಣುಕಿ, ಗುಬ್ಬಚ್ಚಿ ಕೂರ್ಲಿ ಅಂತ ಒಡ್ದ್ಯಾ ಮೊಳೆಯ, ಎಂದು ರೇಗಿಸಿದಳು, ಅವಳು ನಕ್ಕಿದ್ದು ಹಿತವಾಗಿತ್ತು, ನಿನ್ನೆ ರಾತ್ರಿ ಅಂಗಿ ಬಿಚ್ಚಿ ನೇತುಹಾಕಿದ, ಬರಿಮೈಯಲ್ಲಿ ಮಲಗಿ ಅದನ್ನೇ ನೋಡುತ್ತಿದ್ದ, ಗೋಡೆಯ ಮೇಲೆ ಅಂಗಿ, ಒಂದು ತೋಳು ಒಳಮಗುಚಿ, ನೋಡುತ್ತ ನೋಡುತ್ತ —

ಯಾಕ್ಲಾ ಬರೀ ಮೈಲಿ ಒಂಟಿದ್ದೀಯೆ ಈ ಚಳೀಲಿ, ಅಂಗಿ ಎಲ್ಲೋ, ಮಂಜಿನೊಳಗಿಂದ ಕುರಿ ಕಾಯುವ ತಿಮ್ಮಯ್ಯ ಕೇಳಿದ, ಅಂಕಯ್ಯ ಎದೆ ಮುಟ್ಟಿ ನೋಡಿಕೊಂಡ, ಬರಿಮೈ, ಚಾಪೆ ಇದೆ, ದುಪ್ಪಟಿ ಇದೆ, ಅಂಗಿ ಇಲ್ಲ, ಅಂಗಿ ಮೊಳೆಯಲ್ಲಿದೆ, ಮೊಳೆ ಕೋಣೆಯಲ್ಲಿದೆ — ಇಂದು ನಾಲ್ಕನೆಯ ಬೆಳಗು, ಯಾರೂ ಏಳು ಎನ್ನಲಿಲ್ಲ, ಯಾರೂ ಕೋಲು ತಾಗಿಸಲಿಲ್ಲ, ಕೈಗಳೇ ಚಾಪೆ ಸುತ್ತಿವೆ, ಕಾಲುಗಳೇ ಹೊರಟಿವೆ, ಅಯ್ಯೋ ಬಾಗಿಲು, ಬಾಗಿಲು ಎಳೆದುಕೊಂಡನೇ, ಇಲ್ಲ, ಛತ್ರದ ಜಗಲಿಗೆಲ್ಲಿ ಬಾಗಿಲು, ಎಳೆಯುವ ರೂಢಿಯೇ ಕೈಗಿಲ್ಲ. ಇವನು ತಿರುಗಿ ಓಡಿದ, ಕುರಿಗಳು ಎರಡು ಪಾಲಾದವು, ತಿಮ್ಮಯ್ಯ ಬೈದ, ಬೈಯಲಿ, ಜಾನ್ ಬೀ ಎದ್ದಿರುತ್ತಾಳೆ, ಬೆಳಗಿನ ನಮಾಜು ಮುಗಿಸಿ ಹಿತ್ತಲಿಗೆ ಬರುತ್ತಾಳೆ, ತೆರೆದ ಬಾಗಿಲು, ಚಾಪೆಯಿಲ್ಲದ ನೆಲ, ಇವ್ನೂ ಅಂಗೇ ಅನ್ನುತ್ತಾಳೆ, ಸೌದೆ ತುಂಬಿಸುತ್ತಾಳೆ, ಸಾಬರ ಮಾತು ಮಣ್ಣುಪಾಲು, ಮರೆತೆ ಎಂದರೆ ಯಾರು ನಂಬುತ್ತಾರೆ, ಮನೆಯಿರುವುದನ್ನು ಮರೆಯುವವರುಂಟೇ, ಅಂಗಿ ಈಗ ಹೊಸ್ತಿಲ ಪಕ್ಕ ಇರುತ್ತದೆ, ಮಡಿಸಿ, ಚೆನ್ನಾಗಿ ಮಡಿಸಿ. ಅದೊಂದು ಕಾಣದಿದ್ದರೆ ಸಾಕು, ಬೈದರೂ ಹೊಡೆದರೂ ಸರಿ, ಮಡಿಸಿಟ್ಟ ಅಂಗಿ ಇನ್ನೊಮ್ಮೆ ಕಾಣಬಾರದು.

ಹಿತ್ತಲು, ಜಾನ್ ಬೀ ಪೊರಕೆ ಹಿಡಿದು ನಿಂತಿದ್ದಾಳೆ, ಇವನ ಕಂಕುಳ ಚಾಪೆ ನೋಡಿದಳು, ಇವನ ಕಣ್ಣು ಹೊಸ್ತಿಲ ಕಡೆ, ಹೊಸ್ತಿಲ ಪಕ್ಕ ಏನೂ ಇಲ್ಲ, ಬಾಗಿಲು ಮುಂದಕ್ಕೆ ಮಾಡಿದೆ, ಅವಳು ಕಸ ಗುಡಿಸುತ್ತಲೇ, ನಾಯಿ ನುಗ್ತದೆ ಅಂತ ಬಾಗ್ಲು ಎಳ್ಕಂಡೆ ಕಣ್ ಮಗಾ, ಚಾಪೆ ಇರ್ನಿಲ್ಲ, ಎದೆ ದಸಕ್ ಅಂತು, ಆಮೇಲ್ ಅಂಗಿ ಕಾಣ್ತು, ಬತ್ತಾನೆ ಅಂದ್ಕಂಡೆ, ಅಂದಳು. ಇವನು ಬಾಗಿಲು ತಳ್ಳಿದ, ಕತ್ತಲೆ, ಮಣ್ಣಿನ ವಾಸನೆ, ಕಿಟಕಿಯಿಂದ ಒಂದಿಷ್ಟು ಬೆಳಕು ಗೋಡೆಯವರೆಗೆ, ಒಲೆ ಹೊತ್ತಿಸಬೇಕು, ಸಾಬರು ಕಾಯುತ್ತಿರುತ್ತಾರೆ, ಹೊತ್ತಾಯಿತು, ತೊಟ್ಟುಕೊಳ್ಳಬೇಕು, ಕೈ ಚಾಚಿದ, ಮುಟ್ಟಲಿಲ್ಲ, ಮೊಳೆ, ಮೊಳೆಯಲ್ಲಿ ಅಂಗಿ, ಒಂದು ತೋಳು ಇನ್ನೂ ಒಳಮಗುಚಿ